ನಿಮ್ಮ ಬೀದಿಯ ಕ್ರಾಸಿಂಗ್ ಕೌಂಟಿಯ ಪಟ್ಟಿ ಸೇರಲಿ: ಬೇ ಏರಿಯಾ ಕನ್ನಡಿಗರಿಗೊಂದು ಮಾರ್ಗದರ್ಶಿ

ಊರಿಂದ ಅಪ್ಪ ಅಮ್ಮ ಬಂದಾಗಲೇ ನಮಗೆ ನಮ್ಮ ಬೀದಿ ಸರಿಯಾಗಿ ಕಾಣುವುದು. ಅಲ್ಲಿಯವರೆಗೆ ಅದು ಕಾರಿನ ಗಾಜಿನಾಚೆ ಓಡುವ ಬೀದಿ. ನನ್ನ ಅಮ್ಮ ದಾವಣಗೆರೆಯಲ್ಲಿ ದಿನಾ ಸಂಜೆ ಒಂದು ಗಂಟೆ ನಡೆಯುವವರು. ಇಲ್ಲಿಗೆ ಬಂದ ಮೂರನೇ ದಿನಕ್ಕೆ ಅವರ ನಡಿಗೆ ನಿಂತಿತು. "ಪಾರ್ಕು ಚೆನ್ನಾಗಿದೆ ಕಣೋ, ಆದ್ರೆ ಆ ರೋಡು ದಾಟೋಕೆ ನನ್ ಕೈಲಾಗಲ್ಲ" ಅಂದರು. ಹೋಗಿ ನೋಡಿದೆ. ಆರು ಲೇನ್ ರಸ್ತೆ. ಅಮ್ಮ ನಡುವೆ ತಲುಪುವಷ್ಟರಲ್ಲಿ ಕೆಂಪು ಕೈ ಮಿನುಗಿ, ಎಣಿಕೆ ಸೊನ್ನೆಗೆ ಬಂದುಬಿಡುತ್ತಿತ್ತು.

ನಮ್ಮ ಕಡೆಯ ರೂಢಿಯಂತೆ ಒಂದು ಮನವಿ ಬರೆದೆ. ಅಕ್ಕಪಕ್ಕದವರ ಸಹಿ ಹಾಕಿಸಿ ಸಿಟಿ ಕೌನ್ಸಿಲ್ ಸಭೆಗೆ ಒಯ್ದೆ. ಎಲ್ಲರೂ ತಾಳ್ಮೆಯಿಂದ ಕೇಳಿದರು. ಆಮೇಲೆ ಎರಡು ವರ್ಷ ಏನೂ ಆಗಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಆ ಕ್ರಾಸಿಂಗ್ ಯಾವ ಪಟ್ಟಿಯಲ್ಲೂ ಇರಲಿಲ್ಲ, ಅಷ್ಟೇ. ಇಲ್ಲಿ ದುಡ್ಡು ಮನವಿಯ ಹಿಂದೆ ಬರುವುದಿಲ್ಲ, ಪಟ್ಟಿಯ ಹಿಂದೆ ಬರುತ್ತದೆ. ಸಿಟಿಯ ಪಟ್ಟಿ, ಕೌಂಟಿಯ ಪಟ್ಟಿ, ಪ್ರದೇಶದ ಪಟ್ಟಿ. ನಿಮ್ಮ ಕೆಲಸದ ಹೆಸರು ಅಲ್ಲಿ ಮೊದಲೇ ಇದ್ದು, ಲೆಕ್ಕಪತ್ರ ತಯಾರಿದ್ದರೆ ಗ್ರಾಂಟ್ ಬಂದಾಗ ಅದು ನಿಮ್ಮ ಬೀದಿಗೆ ಬರುತ್ತದೆ. ಇಲ್ಲದಿದ್ದರೆ ಪಕ್ಕದ ಊರಿಗೆ ಹೋಗುತ್ತದೆ. ಇದನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು. ನಿಮಗೆ ಅಷ್ಟು ಹೊತ್ತು ಆಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ ಅಲಮೀಡಾ ಕೌಂಟಿಯನ್ನೇ ಹೆಚ್ಚಾಗಿ ಹಿಡಿದಿದ್ದೇನೆ. ಫ್ರೀಮಾಂಟ್, ಯೂನಿಯನ್ ಸಿಟಿ, ಡಬ್ಲಿನ್, ಪ್ಲೆಸಂಟನ್, ಲಿವರ್‌ಮೋರ್ ಎಲ್ಲ ಇದರಲ್ಲೇ ಬರುತ್ತವೆ. ಸಾಂಟಾ ಕ್ಲಾರಾ ಕೌಂಟಿಯವರಿಗೆ ವ್ಯತ್ಯಾಸ ಇರುವಲ್ಲಿ ಹೇಳುತ್ತೇನೆ.

ದುಡ್ಡು ಎಲ್ಲಿಂದ ಬರುತ್ತದೆ

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಅಲಮೀಡಾ ಕೌಂಟಿಯಲ್ಲಿ 14 ಊರುಗಳಿವೆ. ಅಷ್ಟೂ ಊರಿನ ರಸ್ತೆ, ಬಸ್ಸು, ರೈಲು, ಸೈಕಲ್ ದಾರಿಗಳನ್ನು ಒಟ್ಟಿಗೆ ನೋಡಿ ಹಣ ಹಂಚುವ ಸಂಸ್ಥೆ ಅಲಮೀಡಾ ಕೌಂಟಿ ಟ್ರಾನ್ಸ್‌ಪೋರ್ಟೇಶನ್ ಕಮಿಷನ್. ಮೊದಲು ಎರಡು ಸಂಸ್ಥೆಗಳಿದ್ದವು, 2010ರಲ್ಲಿ ಸೇರಿಸಿ ಒಂದು ಮಾಡಿದರು. ಅದರಲ್ಲಿ 22 ಸದಸ್ಯರು. ಐದು ಜನ ಕೌಂಟಿ ಸೂಪರ್‌ವೈಸರ್‌ಗಳು, ಉಳಿದವರು ಊರುಗಳ ಮೇಯರ್ ಅಥವಾ ಕೌನ್ಸಿಲ್ ಸದಸ್ಯರು, ಜೊತೆಗೆ ಬಾರ್ಟ್ ರೈಲು ಮತ್ತು ಎಸಿ ಟ್ರಾನ್ಸಿಟ್ ಬಸ್ಸು ಸಂಸ್ಥೆಗಳಿಂದ ಒಬ್ಬೊಬ್ಬರು. ಅಂದರೆ ನಿಮ್ಮ ಊರಿನ ಕೌನ್ಸಿಲ್‌ನಲ್ಲಿ ಕೂರುವ ಒಬ್ಬರು ಅಲ್ಲೂ ಕೂರುತ್ತಾರೆ. ಅವರು ಯಾರು ಅಂತ ಇವತ್ತೇ ತಿಳಿದುಕೊಳ್ಳಿ.

ಈ ಸಂಸ್ಥೆಯ ದೊಡ್ಡ ಹಣ ನಮ್ಮ ಜೇಬಿನದೇ. ಕೌಂಟಿಯಲ್ಲಿ ಸಾವಿರ ಡಾಲರ್‌ನ ಟಿವಿ ಕೊಂಡರೆ ಸೇಲ್ಸ್ ಟ್ಯಾಕ್ಸ್‌ನಲ್ಲಿ 10 ಡಾಲರ್ ಸಾರಿಗೆಗೆ ಹೋಗುತ್ತದೆ. ಇದಕ್ಕೆ ಮತದಾರರ ಒಪ್ಪಿಗೆ ಬೇಕು, ಅದೂ ಮೂರರಲ್ಲಿ ಎರಡು ಪಾಲು. 2012ರಲ್ಲಿ ಕೇಳಿದಾಗ ಶೇ 66.5ರಷ್ಟು ಮತ ಬಂತು. ಬೇಕಿದ್ದದ್ದು ಶೇ 66.67. ಕೂದಲೆಳೆ ಅಂತರದಲ್ಲಿ ಬಿದ್ದುಹೋಯಿತು. ಎರಡು ವರ್ಷದ ನಂತರ 'ಮೆಷರ್ ಬಿಬಿ' ಹೆಸರಲ್ಲಿ ಮತ್ತೆ ಕೇಳಿದರು. ಈ ಸಲ ಶೇ 70 ದಾಟಿ ಗೆದ್ದಿತು. 2045ರವರೆಗೆ ನಡೆಯುವ ಈ ತೆರಿಗೆಯಿಂದ ಸುಮಾರು 800 ಕೋಟಿ ಡಾಲರ್ ಬರುತ್ತದೆಂದು ಆಗ ಅಂದಾಜು ಮಾಡಿದ್ದರು. ಇದರಲ್ಲಿ ಅರ್ಧಕ್ಕೂ ಜಾಸ್ತಿ ಭಾಗ ಊರುಗಳಿಗೂ ಬಸ್ಸು, ರೈಲು ಸಂಸ್ಥೆಗಳಿಗೂ ನೇರವಾಗಿ ಹಂಚಿಕೆಯಾಗುತ್ತದೆ. ಆ ಭಾಗಕ್ಕೆ ಪೈಪೋಟಿಯಿಲ್ಲ. ಉಳಿದದ್ದಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಮತಕ್ಕೆ ಮೊದಲೇ ಬರೆದ ಪಟ್ಟಿಯಲ್ಲಿ ಹೆಸರಿರಬೇಕು. ಫ್ರೀಮಾಂಟ್‌ನ ಇರ್ವಿಂಗ್ಟನ್ ಬಾರ್ಟ್ ನಿಲ್ದಾಣಕ್ಕೆ 12 ಕೋಟಿ ಡಾಲರ್ ಅಂತ 2014ರ ಆ ಪಟ್ಟಿಯಲ್ಲೇ ಬರೆದಿತ್ತು.

ಸಾಂಟಾ ಕ್ಲಾರಾದಲ್ಲಿ ಈ ಕೆಲಸ ಮಾಡುವುದು ವಿಟಿಎ. ಬಸ್ಸು, ಲೈಟ್ ರೈಲು ಓಡಿಸುವವರೂ ಅವರೇ, ಕೌಂಟಿಯ ಯೋಜನೆ ಮಾಡುವವರೂ ಅವರೇ. ಅಲ್ಲಿಯ 2016ರ 'ಮೆಷರ್ ಬಿ' ಮೂವತ್ತು ವರ್ಷದ, ಡಾಲರಿಗೆ ಅರ್ಧ ಸೆಂಟ್ ತೆರಿಗೆ. ಅದರಲ್ಲಿ ಸೈಕಲ್ ಮತ್ತು ನಡಿಗೆಗೆ 25 ಕೋಟಿ ಡಾಲರ್, ಊರಿನ ರಸ್ತೆ ರಿಪೇರಿಗೆ 120 ಕೋಟಿ ಡಾಲರ್ ಎತ್ತಿಟ್ಟಿದ್ದಾರೆ.

ಕೌಂಟಿಯ ಮೇಲೆ ಎಂಟಿಸಿ, ಅಂದರೆ ಮೆಟ್ರೊಪಾಲಿಟನ್ ಟ್ರಾನ್ಸ್‌ಪೋರ್ಟೇಶನ್ ಕಮಿಷನ್. ಒಂಬತ್ತು ಕೌಂಟಿ, 101 ಊರುಗಳ ಸಾರಿಗೆ ಯೋಜನೆ ಇವರ ಕೈಯಲ್ಲಿದೆ. ಕೇಂದ್ರದ ಹಣದ ದೊಡ್ಡ ಪಾಲು ಇವರ ಮೂಲಕವೇ ಇಳಿಯುತ್ತದೆ. ಅದರ ಮೇಲೆ ಸ್ಯಾಕ್ರಮೆಂಟೊ, ಅದಕ್ಕೂ ಮೇಲೆ ವಾಷಿಂಗ್ಟನ್. ಒಂದೊಂದು ಮೆಟ್ಟಿಲೂ ಕೆಳಗಿನ ಮೆಟ್ಟಿಲಿಗೆ ಕೇಳುವ ಪ್ರಶ್ನೆ ಒಂದೇ: ನಿಮ್ಮ ಯೋಜನೆಯಲ್ಲಿ ಈ ಕೆಲಸ ಇದೆಯಾ?

ಮೊದಲು ರಸ್ತೆ ಯಾರದು ಅಂತ ನೋಡಿ

ಇದನ್ನು ಬಿಟ್ಟು ಮುಂದೆ ಹೋದರೆ ಆರು ತಿಂಗಳು ಸುಮ್ನೆ ಹಾಳು. ಊರೊಳಗಿನ ರಸ್ತೆಯೆಲ್ಲ ಊರಿನದಲ್ಲ. ಸನ್ನಿವೇಲ್‌ನಲ್ಲಿ ಎಲ್ ಕ್ಯಾಮಿನೊ ರಿಯಲ್ ರಾಜ್ಯ ಹೆದ್ದಾರಿ 82. ಫ್ರೀಮಾಂಟ್‌ನಲ್ಲಿ 680 ಮತ್ತು 880ರ ನಡುವಿನ ಮಿಷನ್ ಬುಲೆವಾರ್ಡ್ ರಾಜ್ಯ ಹೆದ್ದಾರಿ 262. ಇವುಗಳ ಮೇಲೆ ಒಂದು ದೀಪ ಹಾಕಬೇಕಾದರೂ ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್ ಒಪ್ಪಬೇಕು. ಲಾರೆನ್ಸ್, ಮಾಂಟೆಗ್ಯೂ, ಸ್ಯಾನ್ ಟೊಮಾಸ್‌ನಂಥ ಎಕ್ಸ್‌ಪ್ರೆಸ್‌ವೇಗಳು ಸಾಂಟಾ ಕ್ಲಾರಾ ಕೌಂಟಿಯ ರಸ್ತೆಗಳು. ಸಿಟಿಯ ಎಂಜಿನಿಯರಿಂಗ್ ವಿಭಾಗಕ್ಕೆ ಒಂದು ಇಮೇಲ್ ಹಾಕಿ, ಈ ಮೂಲೆಯ ಸಿಗ್ನಲ್ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿ. ಉತ್ತರ ಬರೆದೇ ಬರಲಿ, ಬಾಯಿಮಾತು ಬೇಡ.

ಗ್ರಾಂಟ್ ಬೇಡದ ಕೆಲಸವನ್ನು ಬೇರೆ ಮಾಡಿ

ನನ್ನ ಮೊದಲ ಮನವಿಯಲ್ಲಿ ಎಲ್ಲವನ್ನೂ ಕಲಸಿಬಿಟ್ಟಿದ್ದೆ. ಸಿಗ್ನಲ್ ಹೊತ್ತು, ಬಣ್ಣ, ಫುಟ್‌ಪಾತ್, ನಡುವೆ ನಿಲ್ಲಲು ಜಾಗ, ಬೀದಿದೀಪ. ಇವುಗಳಲ್ಲಿ ಕೆಲವಕ್ಕೆ ಗ್ರಾಂಟೇ ಬೇಕಿರಲಿಲ್ಲ. ಒಂದೇ ಹಾಳೆಯಲ್ಲಿ ಇದ್ದದ್ದರಿಂದ ಅವೂ ಗ್ರಾಂಟ್ ಬರಲಿ ಅಂತ ಕಾಯುತ್ತಾ ಕೂತವು.

ಸಿಗ್ನಲ್ ಹೊತ್ತನ್ನೇ ನೋಡಿ. ನಡೆಯುವವರು ಸೆಕೆಂಡಿಗೆ 3.5 ಅಡಿ ನಡೆಯುತ್ತಾರೆ ಅಂತ ಲೆಕ್ಕ ಹಿಡಿದು ಎಣಿಕೆ ಇಟ್ಟಿರುತ್ತಾರೆ. ವಯಸ್ಸಾದವರು, ಅಂಗವಿಕಲರು ಹೆಚ್ಚಾಗಿ ದಾಟುವ ಕಡೆ 2.8 ಅಡಿಯ ಲೆಕ್ಕ ಹಿಡಿಯಬೇಕು ಅನ್ನುತ್ತದೆ ಕ್ಯಾಲಿಫೋರ್ನಿಯಾದ ಸಂಚಾರ ಸಾಧನಗಳ ಕೈಪಿಡಿ. 100 ಅಡಿ ಅಗಲದ ರಸ್ತೆಗೆ ಮೊದಲ ಲೆಕ್ಕದಲ್ಲಿ 29 ಸೆಕೆಂಡ್, ಎರಡನೆಯದರಲ್ಲಿ 36 ಸೆಕೆಂಡ್. ಆ ಏಳು ಸೆಕೆಂಡ್ ನನ್ನ ಅಮ್ಮನ ಮಟ್ಟಿಗೆ ಪಾರ್ಕಿಗೂ ಮನೆಗೂ ಇರುವ ವ್ಯತ್ಯಾಸ. ಇದಕ್ಕೆ ಹೊಸ ಕಂಬ ಬೇಡ, ಟೆಂಡರ್ ಬೇಡ. ಈ ಕ್ರಾಸಿಂಗ್‌ನಲ್ಲಿ ಹಿರಿಯರು ದಿನಾ ದಾಟುತ್ತಾರೆ, 2.8 ಅಡಿ ಲೆಕ್ಕದಲ್ಲಿ ಎಣಿಕೆ ಇಡಿ ಅಂತ ಬರೆದು ಕೇಳಿದರೆ ಸಾಕು. ನಮ್ಮ ಮೂಲೆಯಲ್ಲಿ ಬದಲಾದ ಮೊದಲ ವಿಷಯ ಇದೇ.

ಹಾಗೆಯೇ ಕ್ರಾಸಿಂಗ್ ಪಕ್ಕದ ಪಾರ್ಕಿಂಗ್. 2025ರಿಂದ ಕ್ಯಾಲಿಫೋರ್ನಿಯಾದಲ್ಲಿ ಕ್ರಾಸ್‌ವಾಕ್‌ಗೆ ವಾಹನ ಬರುವ ಬದಿಯಲ್ಲಿ 20 ಅಡಿಯೊಳಗೆ ಕಾರು ನಿಲ್ಲಿಸುವಂತಿಲ್ಲ. ದೊಡ್ಡ ಕಾರಿನ ಮರೆಯಿಂದ ಮಗು ಹೊರಗೆ ಬಂದರೆ ಡ್ರೈವರ್‌ಗೆ ಕಾಣದು, ಅದಕ್ಕೇ ಈ ಕಾನೂನು. ಅಂಚಿಗೆ ಕೆಂಪು ಬಣ್ಣ ಬಳಿಯಿರಿ ಅಂತ ಕೇಳಿ.

ಇವೆಲ್ಲ ಬೇರೆ ಮಾಡಿದ ಮೇಲೆ ಉಳಿಯುವುದೇ ನಿಜವಾದ ಪ್ರಾಜೆಕ್ಟ್. ನಡುವೆ ನಿಲ್ಲುವ ದ್ವೀಪ, ಮೂಲೆ ಚಿಕ್ಕದು ಮಾಡುವುದು, ಹೊಸ ಸಿಗ್ನಲ್, ಇಲ್ಲದ ಫುಟ್‌ಪಾತ್, ಬೇರ್ಪಡಿಸಿದ ಸೈಕಲ್ ದಾರಿ. ಹಳದಿ ಮಿನುಗು ದೀಪಕ್ಕೆ ಹತ್ತಾರು ಸಾವಿರ ಡಾಲರ್ ಆಗುತ್ತದೆ. ಪೂರ್ತಿ ಸಿಗ್ನಲ್‌ಗೆ ಹಲವು ಲಕ್ಷ.

ನಂಬರುಗಳನ್ನು ಕೂಡಿಸಿ

"ತುಂಬಾ ಅಪಾಯ" ಅನ್ನುವ ಮಾತಿಗೆ ಅರ್ಜಿಯಲ್ಲಿ ಅಂಕ ಸಿಗುವುದಿಲ್ಲ. ಐದು ವರ್ಷದಲ್ಲಿ ಎಷ್ಟು ಜನಕ್ಕೆ ಪೆಟ್ಟಾಯಿತು ಅನ್ನುವುದಕ್ಕೆ ಸಿಗುತ್ತದೆ. ಬರ್ಕ್ಲಿ ವಿಶ್ವವಿದ್ಯಾಲಯದ ಸೇಫ್‌ಟ್ರೆಕ್ ಕೇಂದ್ರದವರು 'ಟಿಮ್ಸ್' ಅನ್ನುವ ನಕ್ಷೆ ನಡೆಸುತ್ತಾರೆ. ಪೊಲೀಸರು ದಾಖಲಿಸಿದ, ಜನಕ್ಕೆ ಪೆಟ್ಟಾದ ಅಪಘಾತಗಳು ಅದರಲ್ಲಿವೆ. ಖಾತೆ ತೆರೆಯುವುದು ಉಚಿತ. ನಿಮ್ಮ ಮೂಲೆಯ ಸುತ್ತ ಒಂದು ಗೆರೆ ಎಳೆದು, ಐದು ವರ್ಷ ಆರಿಸಿ, ನಡೆಯುವವರು ಮತ್ತು ಸೈಕಲ್‌ನವರು ಅಂತ ಜರಡಿ ಹಿಡಿಯಿರಿ. ಹೊತ್ತು, ಬೆಳಕು, ಯಾರು ಎಲ್ಲಿಂದ ತಿರುಗಿದರು ಎಲ್ಲ ಸಿಗುತ್ತದೆ. ಬಹಳಷ್ಟು ಸಲ ಎಡಕ್ಕೆ ತಿರುಗುವ ಕಾರು, ಸಂಜೆಗತ್ತಲು ಅನ್ನುವ ಒಂದು ಎಳೆ ಕಣ್ಣಿಗೆ ಬೀಳುತ್ತದೆ. ಆ ಎಳೆ ಸಿಕ್ಕರೆ ಯಾವ ಪರಿಹಾರ ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ.

ನಕ್ಷೆ ಖಾಲಿ ಇದ್ದರೆ ಎದೆಗುಂದಬೇಡಿ. ಜನ ಹೆದರಿ ದಾಟುವುದನ್ನೇ ಬಿಟ್ಟ ಕಡೆ ಅಪಘಾತ ಎಲ್ಲಿಂದ ಆಗಬೇಕು? ಅಲ್ಲಿ ಬೇರೆ ಸಾಕ್ಷಿ ಬೇಕು. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿಗೆ ಅರ್ಧ ಗಂಟೆ ನಿಂತು ಎಣಿಸಿ. ಎಷ್ಟು ಮಕ್ಕಳು ದಾಟಿದರು, ಎಷ್ಟು ಕಾರು ನಿಲ್ಲದೆ ಹೋದವು, ಯಾರು ಅರ್ಧ ದಾಟಿ ನಿಂತರು. ಮೂರು ಬೇರೆ ಬೇರೆ ದಿನ ಎಣಿಸಿ, ಮಳೆ ದಿನ ಬೇಡ. ತಾರೀಖು, ಹೊತ್ತು, ಎಣಿಸಿದವರು ಯಾರು ಅಂತ ಬರೆದಿಡಿ. ಸ್ವಲ್ಪದರಲ್ಲಿ ತಪ್ಪಿದ ಘಟನೆಗಳನ್ನು ದಾಖಲಿಸಲು ಅದೇ ಕೇಂದ್ರದ 'ಸ್ಟ್ರೀಟ್ ಸ್ಟೋರಿ' ಇದೆ. ಹತ್ತು ಮನೆಯವರು ಹತ್ತು ಘಟನೆ ಹಾಕಿದರೆ ಅದೂ ಒಂದು ನಕ್ಷೆಯೇ. ಹೋಮ್‌ವರ್ಕ್ ತಪ್ಪಿಸಲು ನೆವ ಹುಡುಕುವ ಹೈಸ್ಕೂಲ್ ಮಕ್ಕಳು ಈ ಎಣಿಕೆಗೆ ಬಹಳ ಖುಷಿಯಿಂದ ಬರುತ್ತಾರೆ, ಕರೆದು ನೋಡಿ.

ಸಿಟಿಯ ಕಾಗದದಲ್ಲಿ ಹೆಸರು ಬರೆಸಿ

ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಮುಖ್ಯವಾದ ಹೆಜ್ಜೆ ಇದು. ಜನ ಬಿಟ್ಟುಬಿಡುವುದೂ ಇದನ್ನೇ.

ಹೆಚ್ಚಿನ ಊರುಗಳಿಗೆ ಮೂರು ಮುಖ್ಯ ಕಾಗದಗಳಿರುತ್ತವೆ. ಒಂದು, ನಡಿಗೆ ಮತ್ತು ಸೈಕಲ್ ಯೋಜನೆ. ಇನ್ನೊಂದು, ರಸ್ತೆ ಸುರಕ್ಷತಾ ಯೋಜನೆ. ಮತ್ತೊಂದು, ಬಜೆಟ್ ಜೊತೆ ಬರುವ ಕಾಮಗಾರಿ ಪಟ್ಟಿ, ಇಲ್ಲಿಯವರ ಮಾತಲ್ಲಿ ಸಿಐಪಿ. ಮೂರನ್ನೂ ಸಿಟಿಯ ವೆಬ್‌ಸೈಟ್‌ನಿಂದ ಇಳಿಸಿಕೊಂಡು ನಿಮ್ಮ ರಸ್ತೆಯ ಹೆಸರು ಹುಡುಕಿ. ಸಿಕ್ಕರೆ ಪುಟದ ಸಂಖ್ಯೆ ಬರೆದುಕೊಳ್ಳಿ. ಮುಂದೆ ಎಲ್ಲಿ ಹೋದರೂ ನಿಮ್ಮ ಮಾತು ಆ ಪುಟದಿಂದಲೇ ಶುರುವಾಗಬೇಕು: "ಇದು ನನ್ನ ಬೇಡಿಕೆಯಲ್ಲ, ಊರು ಆಗಲೇ ಒಪ್ಪಿಕೊಂಡ ಕೆಲಸ."

ಸಿಗದಿದ್ದರೆ ಆ ಯೋಜನೆಯನ್ನು ಮತ್ತೆ ಯಾವಾಗ ಬರೆಯುತ್ತಾರೆ ಅಂತ ಕೇಳಿ. ಹೊಸದು ಬರೆಯುವಾಗ ಜನರಿಗಾಗಿ ಒಂದು ನಕ್ಷೆ ತೆರೆಯುತ್ತಾರೆ, ಅದರ ಮೇಲೆ ಚುಕ್ಕಿ ಇಟ್ಟು ಬರೆಯಬಹುದು. ಆ ನಕ್ಷೆ ಕೆಲವೇ ವಾರ ತೆರೆದಿರುತ್ತದೆ. ಒಬ್ಬರ ಒಂದು ಚುಕ್ಕಿಯನ್ನು ಯಾರೂ ಗಮನಿಸುವುದಿಲ್ಲ. ಒಂದೇ ಮೂಲೆಯಲ್ಲಿ ಮೂವತ್ತು ಚುಕ್ಕಿ ಇದ್ದರೆ ಕನ್ಸಲ್ಟೆಂಟ್ ಬಂದು ನೋಡಲೇಬೇಕು. ವಾಟ್ಸಾಪ್ ಗುಂಪುಗಳಿಗೆ ನಾವು ಕೊಡಬಹುದಾದ ಒಳ್ಳೆಯ ಕೆಲಸ ಇದು.

ಸುರಕ್ಷತಾ ಯೋಜನೆಯ ಬಗ್ಗೆ ಒಂದು ಮಾತು. ಇದು ಅಲಂಕಾರದ ಕಾಗದವಲ್ಲ. ಎಂಟಿಸಿಯ ಗ್ರಾಂಟ್‌ಗೂ ರಸ್ತೆ ಸುರಕ್ಷತೆಗೆಂದು ರಾಜ್ಯದ ಮೂಲಕ ಬರುವ ಎಚ್‌ಎಸ್‌ಐಪಿ ಹಣಕ್ಕೂ ಇದು ಇರಲೇಬೇಕು. ಕೇಂದ್ರದ 'ಸೇಫ್ ಸ್ಟ್ರೀಟ್ಸ್ ಅಂಡ್ ರೋಡ್ಸ್ ಫಾರ್ ಆಲ್' ಅನ್ನುವ ಐದು ವರ್ಷದ 500 ಕೋಟಿ ಡಾಲರ್ ಯೋಜನೆಯೂ ಹೀಗೆಯೇ. ಅದರಲ್ಲಿ ರಸ್ತೆ ಕಟ್ಟುವ ಹಣ ಬೇಕಾದರೆ ಮೊದಲು ಇಂಥದೊಂದು ಕ್ರಿಯಾಯೋಜನೆ ಕೈಯಲ್ಲಿರಬೇಕು. ಫ್ರೀಮಾಂಟ್ 2015ರಲ್ಲೇ ರಸ್ತೆ ಸಾವನ್ನು ಸೊನ್ನೆಗೆ ಇಳಿಸುವ 'ವಿಷನ್ ಝೀರೊ' ಗುರಿ ಒಪ್ಪಿಕೊಂಡು ಮರುವರ್ಷ ಅದರ ಕ್ರಿಯಾಯೋಜನೆ ಬರೆಯಿತು. ಆಗ ಅದು ಬಹಳ ಊರುಗಳು ಮಾಡಿರದ ಕೆಲಸ. ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸಿದರು, ಲೇನ್ ಅಗಲ ಕಡಿಮೆ ಮಾಡಿದರು, ಸೈಕಲ್‌ನವರಿಗೆ ರಕ್ಷಣೆಯಿರುವ ಕೂಡುರಸ್ತೆ ಕಟ್ಟಿದರು. ಕಾಗದ ಮೊದಲೇ ತಯಾರಿದ್ದ ಊರಿಗೆ ಹಣದ ಕರೆ ಬಂದಾಗ ಓಡಾಡುವ ಕಷ್ಟವಿರುವುದಿಲ್ಲ.

ಇದರ ಜೊತೆಗೆ ನಡಿಗೆ-ಸೈಕಲ್ ಸಲಹಾ ಸಮಿತಿಯ ಸಭೆಗಳಿಗೆ ಹೋಗಿ. ಕೆಲವು ಊರಲ್ಲಿ ಇದಕ್ಕೆ ಬಿಪ್ಯಾಕ್ ಅನ್ನುತ್ತಾರೆ, ಕೆಲವು ಕಡೆ ಮೊಬಿಲಿಟಿ ಕಮಿಷನ್. ಕೌನ್ಸಿಲ್ ಸಭೆಯಲ್ಲಿ ನೂರು ಜನರ ನಡುವೆ ನೀವೊಬ್ಬರು. ಇಲ್ಲಿ ಕೇಳಲು ಬರುವವರು ನಾಲ್ಕೈದು ಜನ, ಎದುರಿಗೆ ಅರ್ಜಿ ಬರೆಯುವ ಎಂಜಿನಿಯರ್ರೇ ಕೂತಿರುತ್ತಾರೆ.

ಕೌಂಟಿ ಯೋಜನೆ: ನಾಲ್ಕು ವರ್ಷಕ್ಕೊಮ್ಮೆ ತೆರೆಯುವ ಬಾಗಿಲು

ಅಲಮೀಡಾ ಕೌಂಟಿ ತನ್ನ ಸಾರಿಗೆ ಯೋಜನೆಯನ್ನು ನಾಲ್ಕು ವರ್ಷಕ್ಕೊಮ್ಮೆ ಹೊಸದಾಗಿ ಬರೆಯುವ ಲೆಕ್ಕವಿಟ್ಟುಕೊಂಡಿದೆ. 2020ರ ನವೆಂಬರ್‌ನಲ್ಲಿ ಒಪ್ಪಿದ ಯೋಜನೆ 2050ರವರೆಗೆ ನೋಡುತ್ತದೆ. ಆದರೆ ಅದರೊಳಗೆ ಮೊದಲ ಹತ್ತು ವರ್ಷದ ಆದ್ಯತೆಯ ಪಟ್ಟಿ ಬೇರೆ ಇದೆ. ಕಣ್ಣು ಇಡಬೇಕಾದದ್ದು ಅದರ ಮೇಲೆ. ಮೂವತ್ತು ವರ್ಷದ ಪಟ್ಟಿಯಲ್ಲಿ ಇರುವುದು ಆಸೆ, ಹತ್ತು ವರ್ಷದ ಪಟ್ಟಿಯಲ್ಲಿ ಇರುವುದು ಕೆಲಸ.

ಈ ಪಟ್ಟಿಗೆ ನೀವು ನೇರವಾಗಿ ಹೆಸರು ಸೇರಿಸಲಾಗದು. ಸಿಟಿ ಕಳಿಸಬೇಕು. ಹಾಗಾಗಿ ಕೌಂಟಿ ಕೇಳುವ ಮೊದಲೇ ಸಿಟಿಯ ಸಾರಿಗೆ ವಿಭಾಗವನ್ನು ಕೇಳಿ: ಈ ಸಲ ಯಾವ್ಯಾವ ಕೆಲಸ ಕಳಿಸುತ್ತೀರಿ, ಕೊನೆಯ ದಿನ ಯಾವಾಗ, ನಮ್ಮದು ಅದರಲ್ಲಿದೆಯಾ?

ಹೊಸಬರು ಎಡವುವ ಒಂದು ಜಾಗ ಇಲ್ಲಿದೆ. ಎಂಟಿಸಿಯ ಪ್ರಾದೇಶಿಕ ಯೋಜನೆಯ ಹೆಸರು 'ಪ್ಲಾನ್ ಬೇ ಏರಿಯಾ', ಅದರ 2050ರವರೆಗಿನ ಆವೃತ್ತಿಯನ್ನು 2021ರ ಅಕ್ಟೋಬರ್‌ನಲ್ಲಿ ಒಪ್ಪಿದ್ದರು. ಅದರಲ್ಲಿ ನಿಮ್ಮ ಕ್ರಾಸ್‌ವಾಕ್ ಹೆಸರು ಹುಡುಕಿದರೆ ಸಿಗುವುದಿಲ್ಲ. ಗಾಬರಿ ಬೇಡ. ಹೊಸ ರೈಲು, ಹೆದ್ದಾರಿ ಅಗಲ ಮಾಡುವುದು, ಇಂಥ ದೊಡ್ಡವಕ್ಕೆ ಮಾತ್ರ ಪ್ರತ್ಯೇಕ ಸಾಲು. ಫುಟ್‌ಪಾತ್, ಕ್ರಾಸಿಂಗ್, ರಿಪೇರಿ ಎಲ್ಲ ಸೇರಿ ಒಂದು ಗುಂಪಿನ ಸಾಲಿನಲ್ಲಿ ಬರುತ್ತವೆ. ನಿಮ್ಮ ಸಣ್ಣ ಕೆಲಸಕ್ಕೆ ಅಷ್ಟು ಸಾಕು. ಆದರೆ ಮೇಲ್ಸೇತುವೆ, ರೈಲು ನಿಲ್ದಾಣದಂಥದ್ದು ನಿಮ್ಮ ಮನಸ್ಸಲ್ಲಿದ್ದರೆ ಅಲ್ಲಿ ಹೆಸರು ಇರಲೇಬೇಕು. ಬರುವ ಆದಾಯವನ್ನು ಮೀರಿ ಆ ಪಟ್ಟಿ ಬರೆಯುವಂತಿಲ್ಲ ಅನ್ನುವುದು ಕೇಂದ್ರದ ನಿಯಮ. ಒಂದು ದೊಡ್ಡದು ಸೇರಬೇಕಾದರೆ ಇನ್ನೊಂದು ಹಿಂದೆ ಸರಿಯಬೇಕು.

ಪಟ್ಟಿಯಲ್ಲಿ ಹೆಸರಿದ್ದು, ಹಣ ಇದ್ದೂ ಕೆಲಸ ನಿಂತುಹೋಗಬಹುದು ಅನ್ನುವುದನ್ನೂ ಹೇಳಬೇಕು. ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗುವಾಗ 580 ಹೆದ್ದಾರಿಯಲ್ಲಿ ಸಿಕ್ಕಿಬಿದ್ದವರಿಗೆಲ್ಲ ಬಾರ್ಟ್ ಅಲ್ಲಿವರೆಗೆ ಬಂದಿದ್ದರೆ ಅನ್ನಿಸಿರುತ್ತದೆ. ಮೆಷರ್ ಬಿಬಿಯಲ್ಲಿ ಅದಕ್ಕೆ 40 ಕೋಟಿ ಡಾಲರ್ ಎತ್ತಿಟ್ಟಿದ್ದರು. 2018ರ ಮೇ ತಿಂಗಳಲ್ಲಿ ಬಾರ್ಟ್ ಮಂಡಳಿಯೇ ಆ ವಿಸ್ತರಣೆ ಬೇಡ ಅಂತ ತೀರ್ಮಾನಿಸಿತು. ಲಿವರ್‌ಮೋರ್ ಸುತ್ತಲಿನ ಕಣಿವೆಯ ಊರುಗಳು ಸುಮ್ಮನೆ ಕೂರಲಿಲ್ಲ. 2017ರ ಕಾನೂನಿನಿಂದ ಹುಟ್ಟಿದ್ದ ಬೇರೆ ರೈಲು ಸಂಸ್ಥೆಯ ಮೂಲಕ 'ವ್ಯಾಲಿ ಲಿಂಕ್' ಅನ್ನುವ ಯೋಜನೆ ಹಿಡಿದು, ಆ ಹಣವನ್ನು ಅದರ ಕಡೆಗೆ ತಿರುಗಿಸುವ ಕೆಲಸ ಮಾಡಿದವು. ಕೈಯಲ್ಲಿ ಎರಡನೇ ಯೋಜನೆ ಇರಲಿ ಅನ್ನಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಯಾವ ಕೆಲಸಕ್ಕೆ ಯಾವ ಹಣ

ಒಂದೊಂದು ಹಣಕ್ಕೂ ಅದರದೇ ಸ್ವಭಾವ ಇದೆ. ಸ್ವಭಾವ ನೋಡದೆ ಅರ್ಜಿ ಹಾಕಿದರೆ ಎಷ್ಟು ಒಳ್ಳೆಯ ಕೆಲಸವಾದರೂ ಬೀಳುತ್ತದೆ.

ಅಪಘಾತದ ಲೆಕ್ಕ ಗಟ್ಟಿಯಾಗಿದ್ದರೆ ಎಚ್‌ಎಸ್‌ಐಪಿ ನೋಡಲು ಹೇಳಿ. ಖರ್ಚಿಗೆ ಹೋಲಿಸಿದರೆ ಎಷ್ಟು ಪೆಟ್ಟು ತಪ್ಪುತ್ತದೆ ಅನ್ನುವುದನ್ನು ಅದು ತೂಗುತ್ತದೆ. ಸಿಗ್ನಲ್, ದ್ವೀಪ, ದೀಪದಂಥ ಸಾಬೀತಾದ ಪರಿಹಾರಕ್ಕೆ ಸರಿಯಾದದ್ದು.

ಶಾಲೆಗೆ ನಡೆಯುವ ದಾರಿ, ಸೈಕಲ್ ದಾರಿಗೆ ರಾಜ್ಯದ ಆ್ಯಕ್ಟಿವ್ ಟ್ರಾನ್ಸ್‌ಪೋರ್ಟೇಶನ್ ಪ್ರೋಗ್ರಾಮ್ ಇದೆ. 2013ರಲ್ಲಿ ಶುರುವಾಯಿತು. 2017ರಲ್ಲಿ ಪೆಟ್ರೋಲ್ ತೆರಿಗೆ ಏರಿಸಿದ ಎಸ್‌ಬಿ 1 ಕಾನೂನು ಇದಕ್ಕೆ ವರ್ಷಕ್ಕೆ 10 ಕೋಟಿ ಡಾಲರ್ ಸೇರಿಸಿತು. ಪೈಪೋಟಿ ಬಹಳ. ಇದರಲ್ಲಿ ಬಡತನವಿರುವ, ಮಾಲಿನ್ಯ ಹೆಚ್ಚಿರುವ ಪ್ರದೇಶಗಳಿಗೆ ಒತ್ತು. ರಾಜ್ಯದ ಮಧ್ಯಮ (ಮೀಡಿಯನ್) ಮನೆ ಆದಾಯದ ಶೇ 80ಕ್ಕಿಂತ ಕಡಿಮೆ ಇರುವ ಬಡಾವಣೆ, ಅಥವಾ ಶೇ 75 ಮಕ್ಕಳು ಉಚಿತ ಇಲ್ಲವೇ ರಿಯಾಯಿತಿ ಊಟಕ್ಕೆ ಅರ್ಹರಾದ ಶಾಲೆ, ಹೀಗೆ ಅಳತೆಗಳಿವೆ. ನಮ್ಮಲ್ಲಿ ಬಹಳ ಜನ ಇರುವ ಬಡಾವಣೆಗಳಿಗೆ ಈ ಅಂಕ ಸಿಗುವುದಿಲ್ಲ. ಅದು ಸರಿಯೇ ಅನ್ನುತ್ತೇನೆ. ಬಸ್ಸಿಗಾಗಿ ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಿಲ್ಲುವವರ ಸರದಿ ಮೊದಲು ಬರಲಿ. ನಿಮ್ಮ ಸಿಟಿಯಲ್ಲೇ ಅಂಥ ಬಡಾವಣೆ ಇದ್ದರೆ ಅವರ ಅರ್ಜಿಗೆ ಬೆಂಬಲ ಪತ್ರ ಬರೆಯಿರಿ. ನಿಮ್ಮದಕ್ಕೆ ಬೇರೆ ಹಣ ಹುಡುಕಿ.

ಎಂಟಿಸಿಯ ಒನ್ ಬೇ ಏರಿಯಾ ಗ್ರಾಂಟ್ ಕೇಂದ್ರದ ಹಣವನ್ನು ಕೌಂಟಿಗಳ ಮೂಲಕ ಕೊಡುತ್ತದೆ. ಮೂರನೇ ಸುತ್ತಿನಲ್ಲಿ 75 ಕೋಟಿ ಡಾಲರ್‌ಗೂ ಜಾಸ್ತಿ ಇತ್ತು. ಇದರ ನಂಟು ಮನೆಗಳ ಜೊತೆ. ಸಿಟಿಯ ವಸತಿ ಯೋಜನೆಗೆ ರಾಜ್ಯದ ಒಪ್ಪಿಗೆ ಇಲ್ಲದಿದ್ದರೆ ಈ ಹಣ ಇಲ್ಲ. ಅಲಮೀಡಾ, ಸಾಂಟಾ ಕ್ಲಾರಾದಂಥ ದೊಡ್ಡ ಕೌಂಟಿಗಳಲ್ಲಿ ಶೇ 70ರಷ್ಟು ಹಣ, ರೈಲು ಬಸ್ಸಿನ ಹತ್ತಿರ ಹೊಸ ಮನೆಗಳು ಬರಬೇಕೆಂದು ಗುರುತಿಸಿದ ಪ್ರದೇಶಗಳಿಗೇ ಹೋಗಬೇಕು. ಅಪಾರ್ಟ್‌ಮೆಂಟ್ ಬೇಡ ಅಂತ ಊರು ಹಟ ಹಿಡಿದರೆ ಅದರ ಪೆಟ್ಟು ಮಕ್ಕಳ ಕ್ರಾಸಿಂಗ್‌ಗೂ ಬೀಳಬಹುದು. ವಸತಿ ಸಭೆಗೆ ಹೋಗುವವರು ಇದನ್ನು ನೆನಪಿಡಬೇಕು, ಅಲ್ವಾ?

ಚಿಕ್ಕ ಕೆಲಸಕ್ಕೆ ಚಿಕ್ಕ ಹಣವೂ ಇದೆ. 1971ರ ರಾಜ್ಯ ಕಾನೂನಿನಿಂದ ಬರುವ ಕಾಲು ಸೆಂಟ್ ತೆರಿಗೆಯಲ್ಲಿ ಶೇ 2 ನಡಿಗೆ ಮತ್ತು ಸೈಕಲ್‌ಗೆ ಮೀಸಲು. ಕಾರಿನ ನೋಂದಣಿಯಲ್ಲಿ ನಾವು ಕಟ್ಟುವ 4 ಡಾಲರ್ ಶುದ್ಧ ಗಾಳಿಯ ನಿಧಿಗೆ ಹೋಗುತ್ತದೆ, ಅದರ ಶೇ 40 ಕೌಂಟಿಗೆ ವಾಪಸ್ ಬರುತ್ತದೆ. ದೊಡ್ಡ ಅರ್ಜಿಗಳ ಗದ್ದಲದಲ್ಲಿ ಇವನ್ನು ಜನ ಮರೆಯುತ್ತಾರೆ.

ಬಾಯಾರಿದ ಮೇಲೆ ಬಾವಿ ತೋಡಬೇಡಿ

ನಮ್ಮ ಕಡೆ ಡಿಪಿಆರ್ (ವಿವರವಾದ ಯೋಜನಾ ವರದಿ) ಆಗದೆ ಟೆಂಡರ್ ಇಲ್ಲ. ಇಲ್ಲೂ ಅಷ್ಟೇ. ಪರಿಸರ ಪರಿಶೀಲನೆ, ವಿನ್ಯಾಸ, ಜಾಗ ಬಿಡಿಸಿಕೊಳ್ಳುವುದು, ಕಟ್ಟುವುದು ಅಂತ ಹಂತಗಳಿವೆ. ಗ್ರಾಂಟ್ ಕೊಡುವವರಿಗೆ ಇಷ್ಟವಾಗುವುದು ಕಟ್ಟಲು ತಯಾರಾದ ಕೆಲಸ. ಅದಕ್ಕೇ ಮೊದಲು ವಿನ್ಯಾಸದ ಹಣ ಮಾತ್ರ ಕೇಳುವುದು ಜಾಣತನ. ಊರಿಗೆ ನೇರವಾಗಿ ಬರುವ ಮೆಷರ್ ಬಿಬಿ ಹಣದಿಂದ ವಿನ್ಯಾಸ ಮಾಡಿಸಿ, ಕಟ್ಟುವ ಹಣಕ್ಕೆ ದೊಡ್ಡ ಗ್ರಾಂಟ್ ಕೇಳಿದರೆ ಅರ್ಜಿಗೆ ತೂಕ ಬರುತ್ತದೆ.

ಸಿಟಿಯ ಪಾಲಿನ ಹಣ ಎಲ್ಲಿಂದ ಅಂತಲೂ ಕೇಳಿಡಿ. ಕ್ಯಾಲಿಫೋರ್ನಿಯಾದಲ್ಲಿ ಕೇಂದ್ರದ ರಸ್ತೆ ಹಣಕ್ಕೆ ಸಾಮಾನ್ಯವಾಗಿ ಶೇ 11.47 ಸ್ಥಳೀಯ ಪಾಲು ಹಾಕಬೇಕು. ಹತ್ತು ಲಕ್ಷ ಡಾಲರ್ ಕೆಲಸಕ್ಕೆ 1,14,700 ಡಾಲರ್. ಸೇಫ್ ಸ್ಟ್ರೀಟ್ಸ್ ಹಣಕ್ಕಾದರೆ ಶೇ 20. ಅದೂ ಅಲ್ಲದೆ ಕೇಂದ್ರದ ಹಣ ಮುಂಗಡವಾಗಿ ಬರುವುದಿಲ್ಲ. ಸಿಟಿ ಖರ್ಚು ಮಾಡಿ ಆಮೇಲೆ ವಾಪಸ್ ಪಡೆಯಬೇಕು. ಅನುಮತಿ ಪತ್ರ ಬರುವ ಮೊದಲು ಖರ್ಚು ಮಾಡಿದ ದುಡ್ಡು ವಾಪಸ್ ಸಿಗುವುದೇ ಇಲ್ಲ. ಚಿಕ್ಕ ಊರುಗಳು ಚಿಕ್ಕ ಕೆಲಸಕ್ಕೆ ಕೇಂದ್ರದ ಹಣ ಬೇಡ ಅನ್ನುವುದು ಇದಕ್ಕೇ. ಅದು ಸೋಮಾರಿತನವಲ್ಲ.

ನೀವು ಮಾಡಬಹುದಾದದ್ದು ಒಂದು ಹಾಳೆ. ಒಂದೇ ಹಾಳೆ. ಮೇಲೆ ಫೋಟೋ ಮತ್ತು ನಕ್ಷೆ. ಐದು ವರ್ಷದ ಅಪಘಾತ, ನಿಮ್ಮ ಎಣಿಕೆ, ಅರ್ಧ ಮೈಲಿಯಲ್ಲಿರುವ ಶಾಲೆ, ಲೈಬ್ರರಿ, ಬಸ್ ನಿಲ್ದಾಣ, ಹಿರಿಯರ ಮನೆಗಳು. ಯಾವ ಯೋಜನೆಯ ಯಾವ ಪುಟದಲ್ಲಿ ಇದು ಇದೆ. ಸಿಟಿ ಕೊಟ್ಟ ಖರ್ಚಿನ ಅಂದಾಜು. ಅರ್ಜಿ ಬರೆಯುವವರಿಗೆ ನೇರವಾಗಿ ನಕಲಿಸಿಕೊಳ್ಳಲು ಬರುವಂತಿರಲಿ. ನಮ್ಮ ಹಾಳೆಯಲ್ಲಿದ್ದ ಎಣಿಕೆ ಮುಂದೆ ಒಂದು ಅರ್ಜಿಯಲ್ಲಿ ಹಾಗೇ ಕಂಡಾಗ ಆದ ಸಂತೋಷ ಹೇಳತೀರದು.

ಬೆಂಬಲ ಪತ್ರಗಳನ್ನು ಕರೆ ಬರುವ ಮೊದಲೇ ಬರೆಸಿಡಿ. ಶಾಲೆಯ ಪೋಷಕರ ಸಂಘ, ಪ್ರಿನ್ಸಿಪಾಲ್, ಬೈಕ್ ಈಸ್ಟ್ ಬೇ ಅಥವಾ ಸಿಲಿಕಾನ್ ವ್ಯಾಲಿ ಬೈಸಿಕಲ್ ಕೊಯಲಿಷನ್‌ನಂಥ ಸಂಸ್ಥೆ, ದೇವಸ್ಥಾನ, ಚರ್ಚು, ಮಸೀದಿ. ಒಂದೇ ಒಕ್ಕಣೆಯ ಹತ್ತು ಪತ್ರಕ್ಕಿಂತ ಬೇರೆ ಬೇರೆ ಅನುಭವದ ಮೂರು ಪತ್ರ ಲೇಸು.

ಸಭೆಯಲ್ಲಿ ಮಾತಾಡುವುದು

"ನಾವು ಎಚ್-1ಬಿ, ನಮ್ಮ ಮಾತು ಯಾರು ಕೇಳುತ್ತಾರೆ" ಅನ್ನುವವರು ಬಹಳ. ಮತ ಹಾಕಲು ಪೌರತ್ವ ಬೇಕು, ಸಭೆಯಲ್ಲಿ ಮಾತಾಡಲು ಬೇಡ. ಬ್ರೌನ್ ಆ್ಯಕ್ಟ್ ಅನ್ನುವ 1953ರ ರಾಜ್ಯ ಕಾನೂನು ಸ್ಥಳೀಯ ಸಭೆಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಮಾಮೂಲಿ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮೊದಲೇ ಹಾಕಬೇಕು. ಒಳಗೆ ಬರಲು ಹೆಸರು ಬರೆಯಿರಿ ಅಂತ ಬಲವಂತ ಮಾಡುವಂತಿಲ್ಲ.

ಇನ್ನೊಂದು ಒಳ್ಳೆಯ ಸುದ್ದಿ ನಮ್ಮ ಹಿರಿಯರಿಗೆ. ಅನುವಾದಕರ ಮೂಲಕ ಮಾತಾಡುವವರಿಗೆ ಎರಡರಷ್ಟು ಹೊತ್ತು ಕೊಡಬೇಕು ಅಂತ ಅದೇ ಕಾನೂನು ಹೇಳುತ್ತದೆ. ಉಳಿದವರಿಗೆ ಎರಡು ನಿಮಿಷವಾದರೆ ಕನ್ನಡದಲ್ಲಿ ಮಾತಾಡುವ ಅಜ್ಜಿಗೆ ನಾಲ್ಕು. ಪಕ್ಕದಲ್ಲಿ ನಿಂತು ಮೊಮ್ಮಗಳು ಇಂಗ್ಲಿಷಿಗೆ ಹೇಳಬಹುದು. ನನ್ನ ಅಮ್ಮ ಹಾಗೆ ಮಾತಾಡಿದರು. "ನಾನು ನಿಧಾನ ನಡೀತೀನಿ. ನಿಮ್ಮ ದೀಪ ಕಾಯಲ್ಲ" ಅಂದರು. ಐದು ವರ್ಷದ ನನ್ನ ಅಂಕಿಅಂಶಕ್ಕಿಂತ ಆ ಎರಡು ವಾಕ್ಯ ಅವರಿಗೆ ಬೇಗ ಮುಟ್ಟಿತು.

ನೀವು ಮಾತಾಡುವಾಗ ಒಂದೇ ವಿಷಯ ಕೇಳಿ. ಯಾವ ಕೆಲಸ, ಯಾವ ಪಟ್ಟಿ, ಯಾವ ತಾರೀಖಿನೊಳಗೆ. ಸಭೆ ಮುಗಿದ ಮರುದಿನ ಎಂಜಿನಿಯರ್‌ಗೆ ಥ್ಯಾಂಕ್ಸ್ ಹೇಳಿ ಅದೇ ಹಾಳೆಯನ್ನು ಮತ್ತೆ ಕಳಿಸಿ. ಸಿಟ್ಟು ಬಂದರೂ ಅವರ ಮೇಲೆ ಹಾಯಬೇಡಿ. ರಾತ್ರಿ ಕೂತು ನಿಮ್ಮ ಅರ್ಜಿ ಬರೆಯುವವರು ಅವರೇ.

ಗ್ರಾಂಟ್ ಸಿಕ್ಕ ಮೇಲೆ

ಸಿಹಿ ಹಂಚಿ, ಆದರೆ ಕಣ್ಣು ಮುಚ್ಚಬೇಡಿ. ಪ್ರತಿ ಗ್ರಾಂಟ್‌ಗೂ ಗಡುವು ಇದೆ. ಎಂಜಿನಿಯರ್ ಕೆಲಸ ಬಿಟ್ಟು ಹೋದರೆ, ಜಾಗದ ತಕರಾರು ಬಂದರೆ ಗಡುವು ಮೀರಿ ಹಣ ವಾಪಸ್ ಹೋಗಬಹುದು. ಮೂರು ತಿಂಗಳಿಗೊಮ್ಮೆ ಯಾವ ಹಂತದಲ್ಲಿದೆ ಅಂತ ಕೇಳಿ. ಕೇಂದ್ರದ ಹಣವಾದರೆ ಎಂಟಿಸಿ ಇಡುವ ಕಾಮಗಾರಿಗಳ ನಾಲ್ಕು ವರ್ಷದ 'ಟಿಪ್' ಪಟ್ಟಿಯಲ್ಲಿ ಸೇರಿದೆಯಾ ಅಂತಲೂ ಕೇಳಿ. ಐದಾರು ವರ್ಷ ಹಿಡಿಯುವುದು ಇಲ್ಲಿ ಮಾಮೂಲು. ಅಷ್ಟರೊಳಗೆ ಬಣ್ಣ ಮತ್ತು ಪ್ಲಾಸ್ಟಿಕ್ ಕಂಬಗಳಿಂದ ತಾತ್ಕಾಲಿಕವಾಗಿ ಮೂಲೆ ಚಿಕ್ಕದು ಮಾಡಬಹುದು, ಕ್ವಿಕ್ ಬಿಲ್ಡ್ ಅನ್ನುತ್ತಾರೆ. ಅದನ್ನು ಕೇಳಲು ಹಿಂಜರಿಯಬೇಡಿ.

ಕೆಲಸ ಮುಗಿದ ಮೇಲೆ ಅದೇ ಮೂಲೆಯಲ್ಲಿ, ಅದೇ ಹೊತ್ತಿಗೆ, ಅದೇ ಅರ್ಧ ಗಂಟೆ ನಿಂತು ಮತ್ತೊಮ್ಮೆ ಎಣಿಸಿ. ಎಷ್ಟು ಜನ ದಾಟಿದರು, ಎಷ್ಟು ಕಾರು ನಿಂತವು. ಹಳೆಯ ಎಣಿಕೆ ಪಕ್ಕದಲ್ಲಿ ಹೊಸದನ್ನು ಬರೆದು ಸಿಟಿಗೂ ಕೌಂಟಿಗೂ ಕಳಿಸಿ. ಮುಂದಿನ ಬೀದಿಯ ಅರ್ಜಿಗೆ ಅವರು ಹುಡುಕುವ ಮೊದಲ ಪುಟ ಅದು.